ಕೇಳದೆ ತೆಗೆದುಕೊಂಡ ಲೈಫು

2024ರ ಜೂನ್ ತಿಂಗಳಲ್ಲಿ ನಾನು ಅಪ್ಪನ ಖಾತೆಗೆ 40,000 ರೂಪಾಯಿ ಹಾಕಿದೆ. ಮೂರನೆಯ ದಿನ ಅಷ್ಟೂ ದುಡ್ಡು ನನ್ನ ಖಾತೆಗೆ ವಾಪಸು ಬಂತು. ಫೋನ್ ಮಾಡಿ ಕೇಳಿದರೆ ಅಪ್ಪ ಮಳೆಯ ಬಗ್ಗೆ ಮಾತಾಡಿದ, ಡ್ಯಾಮಿಗೆ ಈ ಸಲ ನೀರು ಚೆನ್ನಾಗಿ ಬರುವಂತಿದೆ ಎಂದ. ದುಡ್ಡಿನ ಸುದ್ದಿ ಎತ್ತಿದ ಕೂಡಲೇ ಫೋನು ಅಮ್ಮನ ಕೈಗೆ ಹೋಯಿತು. ಅಮ್ಮ ಸಣ್ಣ ದನಿಯಲ್ಲಿ ಹೇಳಿದಳು: "ಮಗಳ ದುಡ್ಡು ಮುಟ್ಟಂಗಿಲ್ಲ ಅಂತ ಕುಂತಾರವ್ವಾ ನಿಮ್ಮಪ್ಪ. ಹೇಳಿ ಹೇಳಿ ನನಗೂ ಸಾಕಾಗೈತಿ."

ದುಡ್ಡು ಕಳಿಸಿದ್ದು ಅಪ್ಪನ ಕಣ್ಣಿನ ಆಪರೇಷನ್‌ಗೆ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಅಪ್ಪ ಹೊಸಪೇಟೆಯಲ್ಲಿ ಬಾಡಿಗೆ ಕಾರು ಓಡಿಸುತ್ತಾನೆ, ಪ್ರವಾಸಿಗರನ್ನು ಹಂಪಿಗೆ, ಆನೆಗೊಂದಿಗೆ ಕರೆದುಕೊಂಡು ಹೋಗುತ್ತಾನೆ. ಸಂಜೆ ಎದುರಿನಿಂದ ಬರುವ ಗಾಡಿಗಳ ದೀಪ ಚೂರುಚೂರಾಗಿ ಕಾಣುತ್ತದೆ ಎಂದು ಅಮ್ಮನ ಬಳಿ ಒಮ್ಮೆ ಬಾಯಿ ತಪ್ಪಿ ಹೇಳಿದ್ದ. ನನ್ನ ಬಳಿ ಮಾತ್ರ "ಕ್ಯಾಂಪ್ ಬಂದಾಗ ಮಾಡಿಸ್ಕೊಂತೀನಿ ತಗಾ" ಎನ್ನುತ್ತ ಎರಡು ವರ್ಷ ದೂಡಿದ್ದ.

ಆ ವಾಪಸು ಬಂದ ದುಡ್ಡು ನನಗೆ ಸಿಟ್ಟು ತರಿಸಿತು. ಸಿಟ್ಟು ಇಳಿದ ಮೇಲೆ ಒಂದು ಪ್ರಶ್ನೆ ಉಳಿಯಿತು. ಹೆತ್ತವರು ನಮಗಾಗಿ ಖರ್ಚು ಮಾಡಿದ್ದನ್ನು ನಾವು ತೀರಿಸಬಹುದೇ? ತೀರಿಸಲು ಹೋದಾಗ ಅವರು ಬೇಡ ಎಂದರೆ ಆ 'ಬೇಡ'ವನ್ನು ನಾವು ಗೌರವಿಸಬೇಕೇ, ಮೀರಬೇಕೇ? ಈ ಪ್ರಶ್ನೆಯನ್ನು ಹಿಡಿದು ನಾನು ಎಲ್ಲೆಲ್ಲೋ ಓದಿದೆ. ಸ್ವಲ್ಪವಾದರೂ ಬೆಳಕು ಸಿಕ್ಕಿದ್ದು ಮಾತ್ರ ನಾನು ಒಂಬತ್ತು ವರ್ಷದವಳಿದ್ದಾಗ ಅಪ್ಪನ ಜೊತೆ ಆಡುತ್ತಿದ್ದ ಒಂದು ವಿಡಿಯೋ ಗೇಮಿನ ನೆನಪಿನಲ್ಲಿ.

*

2004ರಲ್ಲಿ ಅಪ್ಪ ಅದಿರು ಲಾರಿಯ ಡ್ರೈವರ್. ಸಂಡೂರಿನ ಗುಡ್ಡಗಳಿಂದ ಕಬ್ಬಿಣದ ಅದಿರು ತುಂಬಿಕೊಂಡು ಹೊಸಪೇಟೆ, ಹುಬ್ಬಳ್ಳಿ, ಅಂಕೋಲಾ ದಾಟಿ ಬೇಲೆಕೇರಿ ಬಂದರಿಗೆ ಹೋಗಿ ಬರುತ್ತಿದ್ದ. ಚೀನಾ ದೇಶಕ್ಕೆ ಅದಿರು ಎಷ್ಟಿದ್ದರೂ ಸಾಲದ ಕಾಲ ಅದು. ನಮ್ಮ ಕಡೆ ರಸ್ತೆ ಬದಿಯ ಗಿಡಮರ, ಕಬ್ಬಿನ ಗರಿ, ಒಣಹಾಕಿದ ಬಟ್ಟೆ, ಎಮ್ಮೆಯ ಬೆನ್ನು ಎಲ್ಲವೂ ಕೆಂಪು. ಅಪ್ಪ ಮನೆಗೆ ಬಂದರೆ ಮೊದಲು ಬಚ್ಚಲಿನ ನೀರು ಕೆಂಪಾಗಿ ಹರಿಯುತ್ತಿತ್ತು, ಆಮೇಲೆ ಅಪ್ಪನ ಮುಖ ಕಾಣುತ್ತಿತ್ತು.

ಆ ವರ್ಷ ದೀಪಾವಳಿಯ ಹಿಂದಿನ ದಿನ ಹುಬ್ಬಳ್ಳಿಯಿಂದ ಒಂದು ಟಿವಿ ಗೇಮ್ ತಂದ. 1983ರಲ್ಲಿ ಜಪಾನಿನ ನಿಂಟೆಂಡೋ ಕಂಪನಿ ಹೊರತಂದ ಫ್ಯಾಮಿಕಾಮ್ ಯಂತ್ರದ ಅಗ್ಗದ ನಕಲು ಅದೆಂದು ಗೊತ್ತಾದದ್ದು ದೊಡ್ಡವಳಾದ ಮೇಲೆ. ನಮಗೆ ಅದು ಬರೀ 'ಟಿವಿ ಗೇಮ್'. ಎರಡು ರಿಮೋಟ್, ಒಂದು ಬಂದೂಕು, ಒಂದು ಹಳದಿ ಕ್ಯಾಸೆಟ್. ಕ್ಯಾಸೆಟ್ ಮೇಲೆ '9999 ಇನ್ 1' ಎಂದು ಬರೆದಿತ್ತು. ನಿಜಕ್ಕೂ ಇದ್ದದ್ದು ಹತ್ತಿಪ್ಪತ್ತು ಆಟ, ಅವೇ ಬೇರೆ ಬೇರೆ ಹೆಸರಿನಲ್ಲಿ ತಿರುಗಿ ತಿರುಗಿ ಬರುತ್ತಿದ್ದವು. ಆಟ ಶುರುವಾಗದಿದ್ದರೆ ಕ್ಯಾಸೆಟ್ ಕಿತ್ತು ಬಾಯಿಂದ ಊದಿ ಮತ್ತೆ ಹಾಕಬೇಕು. ಊದುವ ಕೆಲಸ ಅಪ್ಪನದು.

ಅದರಲ್ಲಿ ನಾವಿಬ್ಬರೂ ಹಚ್ಚಿಕೊಂಡ ಆಟ ಕಾಂಟ್ರಾ. ಕೊನಾಮಿ ಕಂಪನಿಯದು, 1988ರಲ್ಲಿ ಮನೆಯ ಯಂತ್ರಗಳಿಗೆ ಬಂದದ್ದು. ಇಬ್ಬರು ಸಿಪಾಯಿಗಳು, ಒಬ್ಬನಿಗೆ ನೀಲಿ ಪ್ಯಾಂಟು, ಇನ್ನೊಬ್ಬನಿಗೆ ಕೆಂಪು. ಕೆಂಪು ಅಪ್ಪನದು, ಹೇಗೂ ಅವನ ಬಣ್ಣವೇ ಅದಾಗಿತ್ತಲ್ಲ. ಒಬ್ಬೊಬ್ಬರಿಗೆ ಮೂರು ಲೈಫು. ಒಂದು ಗುಂಡು ತಾಗಿದರೆ ಒಂದು ಲೈಫು ಹೋಯಿತು. ಕಾಡು, ಕೋಟೆ, ಜಲಪಾತ, ಹಿಮ ಎಂದು ಎಂಟು ಹಂತ. ಅಪ್ಪ ಹದಿನಾರು ಟನ್ನಿನ ಲಾರಿಯನ್ನು ಅರಬೈಲು ಘಾಟಿಯಲ್ಲಿ ಇಳಿಸುವ ಮನುಷ್ಯ. ಆದರೆ ಆ ಅಂಗೈಯಗಲದ ರಿಮೋಟಿನಲ್ಲಿ ಹಾರುವ ಗುಂಡಿ ಯಾವುದು, ಹೊಡೆಯುವ ಗುಂಡಿ ಯಾವುದು ಎಂದು ಅವನಿಗೆ ಕೊನೆಯವರೆಗೂ ಗಲಿಬಿಲಿ. ಮೊದಲ ಹಂತದ ಸೇತುವೆ ಸಿಡಿಯುವ ಹೊತ್ತಿಗೆ ಅವನ ಮೂರೂ ಲೈಫು ಮುಗಿದಿರುತ್ತಿದ್ದವು.

ಆದರೆ ಆ ಆಟದಲ್ಲಿ ಒಂದು ಅನುಕೂಲವಿತ್ತು. ಒಬ್ಬರ ಲೈಫು ಮುಗಿದು ಇನ್ನೊಬ್ಬರ ಬಳಿ ಉಳಿದಿದ್ದರೆ, ಮುಗಿದವರು ತಮ್ಮ ರಿಮೋಟಿನ ಗುಂಡಿ ಒತ್ತಿ ಜೊತೆಗಾರರ ಲೈಫು ತೆಗೆದುಕೊಳ್ಳಬಹುದು. ಕೊಡುವವರ ಒಪ್ಪಿಗೆ ಬೇಕಿಲ್ಲ. ನನ್ನ ಲೆಕ್ಕದಲ್ಲಿ ಒಂದು ಕಡಿಮೆ ಆಗುತ್ತದೆ, ಕೆಂಪು ಸಿಪಾಯಿ ಮತ್ತೆ ಮೇಲಿನಿಂದ ಧುಮುಕುತ್ತಾನೆ. ಅಪ್ಪ ಅದನ್ನು ಒಂದು ಚೂರೂ ಸಂಕೋಚವಿಲ್ಲದೆ ಮಾಡುತ್ತಿದ್ದ. "ಅಪ್ಪಾ, ನಂದು ತಗೋಬ್ಯಾಡ, ಒಂದೇ ಐತಿ!" ಎಂದು ನಾನು ಚೀರುವಷ್ಟರಲ್ಲಿ ತೆಗೆದುಕೊಂಡಾಗಿರುತ್ತಿತ್ತು. ಮರುಕ್ಷಣವೇ ಅದನ್ನೂ ಕಳೆದುಕೊಂಡು ಹೊಟ್ಟೆ ಹಿಡಿದು ನಗುತ್ತಿದ್ದ. ನಮ್ಮ ಮನೆಯಲ್ಲಿ ಅಪ್ಪ ಹಾಗೆ ನಗುವುದನ್ನು ಬೇರೆ ಯಾವ ಸಂದರ್ಭದಲ್ಲೂ ನಾನು ಕಂಡಿಲ್ಲ.

ಅಪ್ಪ ಬರುತ್ತಿದ್ದದ್ದು ಹೊತ್ತಲ್ಲದ ಹೊತ್ತಿನಲ್ಲಿ. ಅವನು ಮನೆಯಲ್ಲಿ ಇದ್ದಾಗ ಸಾಮಾನ್ಯವಾಗಿ ಮಲಗಿರುತ್ತಿದ್ದ, ನಾವು ಪಿಸುಮಾತಿನಲ್ಲಿ ಓಡಾಡುತ್ತಿದ್ದೆವು. ನನಗೆ ಅವನ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ, ಪರಿಚಯ ಇರಲಿಲ್ಲ. ಆ ಪರಿಚಯ ಆದದ್ದು ಟಿವಿಯ ಮುಂದೆ, ಚಾಪೆಯ ಮೇಲೆ. ಅಲ್ಲಿ ನಾನು ಅವನಿಗೆ ಹುಕುಂ ಕೊಡಬಹುದಿತ್ತು: ಹಾರು, ಕುಂದರು, ತಡಿ, ನಾ ಹೋಗ್ತೀನಿ ನೀ ಹಿಂದ ಬಾ. ಅವನು ಹೇಳಿದಂತೆ ಕೇಳುತ್ತಿದ್ದ. ಹೊರಗಿನ ಲೋಕದಲ್ಲಿ ಅನ್ನ, ಬಟ್ಟೆ, ಸ್ಕೂಲ್ ಫೀ ಎಲ್ಲವೂ ಅವನಿಂದ ನನ್ನ ಕಡೆಗೆ ಹರಿಯುತ್ತಿದ್ದವು. ಆ ಪೆಟ್ಟಿಗೆಯೊಳಗೆ ಮಾತ್ರ ಹರಿವು ತಿರುಗಿತ್ತು. ಅಲ್ಲಿ ಒಂಬತ್ತು ವರ್ಷದ ನಾನು ಕೊಡುವವಳು, ಅವನು ತೆಗೆದುಕೊಳ್ಳುವವನು.

*

ನಮ್ಮಲ್ಲಿ ಹೆತ್ತವರಿಗೂ ಮಕ್ಕಳಿಗೂ ನಡುವಿನ ಸಂಬಂಧವನ್ನು ಹೇಳುವಾಗ ಮೊದಲು ಬರುವ ಮಾತು ಋಣ. ಮನುಷ್ಯ ಮೂರು ಋಣ ಹೊತ್ತೇ ಹುಟ್ಟುತ್ತಾನೆ ಎಂಬುದು ತೈತ್ತಿರೀಯ ಸಂಹಿತೆಯಷ್ಟು ಹಳೆಯ ಕಲ್ಪನೆ: ದೇವತೆಗಳದ್ದು, ಋಷಿಗಳದ್ದು, ಪಿತೃಗಳದ್ದು. ಇದರಲ್ಲಿ ಪಿತೃಋಣ ತೀರುವ ಬಗೆ ವಿಚಿತ್ರವಾಗಿದೆ. ಅದನ್ನು ಕೊಟ್ಟವರಿಗೆ ಹಿಂತಿರುಗಿಸುವುದಲ್ಲ, ಸಂತಾನ ಪಡೆದು ಮುಂದಿನವರಿಗೆ ದಾಟಿಸುವುದು. ಅಂದರೆ ಹೆತ್ತವರಿಗೆ ಹೆತ್ತವರ ಸಾಲವನ್ನು ನೇರವಾಗಿ ತೀರಿಸಲಾಗದು ಎಂದು ಆ ಕಾಲದವರೇ ಒಪ್ಪಿಕೊಂಡಂತಿದೆ. ಮತ್ತು ಆ ಲೆಕ್ಕದಲ್ಲಿ ಹೆಣ್ಣುಮಗಳ ಹೆಸರೇ ಇಲ್ಲ. ಮಗ ಸಾಲಗಾರನಾದರೂ ಆಗಬಹುದು, ಮಗಳು ಅದೂ ಅಲ್ಲ. ಅವಳನ್ನು ದಾನವಾಗಿ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. 'ಮಗಳ ದುಡ್ಡು ಮುಟ್ಟಬಾರದು' ಎಂಬ ಅಪ್ಪನ ಹಟದ ಬೇರು ಇಲ್ಲಿದೆ. ದಾನ ಕೊಟ್ಟ ವಸ್ತುವಿನಿಂದ ಏನನ್ನೂ ವಾಪಸು ಪಡೆಯಬಾರದಲ್ಲ.

ಗ್ರೀಸಿನ ಅರಿಸ್ಟಾಟಲ್ ಕೂಡ ತನ್ನ ನೀತಿಶಾಸ್ತ್ರದ ಎಂಟನೆಯ ಪುಸ್ತಕದಲ್ಲಿ ತಂದೆ ಮಗನ ನಂಟನ್ನು ಸಾಲದ ಲೆಕ್ಕದಲ್ಲೇ ನೋಡುತ್ತಾನೆ. ಅವನ ಪ್ರಕಾರ ಮಗ ಏನು ಮಾಡಿದರೂ ಪಡೆದದ್ದಕ್ಕೆ ಸಮನಾಗದು. ಆದ್ದರಿಂದ ಮಗ ತಂದೆಯನ್ನು ಬಿಡುವಂತಿಲ್ಲ, ತಂದೆ ಮಗನನ್ನು ಬಿಡಬಹುದು. ಸಾಲ ಮನ್ನಾ ಮಾಡುವ ಅಧಿಕಾರ ಕೊಟ್ಟವನಿಗೆ ಇದೆ, ತೆಗೆದುಕೊಂಡವನಿಗೆ ಇಲ್ಲ. ಅಪ್ಪ ನನ್ನ 40,000ವನ್ನು ವಾಪಸು ಕಳಿಸಿದ್ದು ಹೀಗೊಂದು ಮನ್ನಾ ಎಂದುಕೊಳ್ಳೋಣ. ಆದರೆ ಮನ್ನಾ ಮಾಡಿಸಿಕೊಂಡವರಿಗೆ ಮನಸ್ಸು ಹಗುರ ಆಗುತ್ತದೆಯೇ? ನನಗೆ ಆಗಲಿಲ್ಲ.

ಸಂಡೂರಿನ ಕುಮಾರಸ್ವಾಮಿ ಬೆಟ್ಟದ ಕತೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಗಣಪತಿಯೂ ಕುಮಾರಸ್ವಾಮಿಯೂ ಪಂದ್ಯಕ್ಕೆ ಬಿದ್ದರು, ಲೋಕವನ್ನು ಮೊದಲು ಸುತ್ತಿ ಬಂದವರು ಗೆದ್ದಂತೆ. ಕುಮಾರ ನವಿಲೇರಿ ನಿಜವಾಗಿಯೂ ಸುತ್ತಿಬಂದ, ಗಣಪತಿ ತಂದೆತಾಯಿಯನ್ನೇ ಸುತ್ತಿ ಗೆದ್ದ. ಮುನಿಸಿಕೊಂಡ ಕುಮಾರ ಮನೆ ಬಿಟ್ಟು ಬಂದು ಈ ಬೆಟ್ಟದಲ್ಲಿ ನಿಂತ. ತಾಯಿ ಬೆನ್ನಟ್ಟಿ ಬಂದಾಗ, ನಿನ್ನ ಹಂಗೇ ಬೇಡ ಎಂದು ಕುಡಿದ ಮೊಲೆಹಾಲನ್ನೇ ಕಕ್ಕಿದ. ಆ ಹಾಲೇ ಬೆಟ್ಟದಲ್ಲಿ ಸಿಗುವ ಬಿಳಿ ವಿಭೂತಿ ಎನ್ನುತ್ತಾರೆ. ಅವನ ಗುಡಿಯೊಳಗೆ ಹೆಂಗಸರು ಹೋಗುವ ರೂಢಿ ಇರಲಿಲ್ಲ. ಚಿಕ್ಕವಳಿದ್ದಾಗ ಹೋದಾಗ ನಾನೂ ಅಮ್ಮನೂ ಪಕ್ಕದ ಪಾರ್ವತಿ ಗುಡಿಯ ಹತ್ತಿರ ಕೂತಿದ್ದೆವು. ಅಪ್ಪ ಒಳಗೆ ಹೋಗಿ ಬಂದು ನನ್ನ ಹಣೆಗೆ ಅದೇ ವಿಭೂತಿ ಹಚ್ಚಿದ.

ಈಗ ಯೋಚಿಸಿದರೆ, ಋಣ ಪೂರ್ತಿ ತೀರಿಸುವುದೆಂದರೆ ಏನೆಂದು ತೋರಿಸುವ ಕತೆ ಇದು. ಪಡೆದದ್ದನ್ನು ಒಂದು ಹನಿ ಉಳಿಯದಂತೆ ಹಿಂತಿರುಗಿಸಿದರೆ ಸಂಬಂಧವೂ ಅಲ್ಲಿಗೆ ಮುಗಿಯಿತು. ಸಾಲ ತೀರಿಸುವವರು ಬೇಗ ತೀರಿಸಲು ಬಯಸುವುದು ಸಾಲ ಕೊಟ್ಟವನ ಮುಖ ಮತ್ತೆ ನೋಡಬೇಕಾಗದಿರಲಿ ಎಂದು. ನಾನು ಕಳಿಸಿದ ದುಡ್ಡಿನಲ್ಲಿ ಆ ಹಾಲಿನ ವಾಸನೆ ಅಪ್ಪನಿಗೆ ಬಡಿಯಿತೇ?

ಯಾಕೆಂದರೆ ನಿಜಕ್ಕೂ ಆ ದುಡ್ಡು ಕಣ್ಣಿಗಷ್ಟೇ ಆಗಿರಲಿಲ್ಲ. ಅದರ ಹಿಂದೆ ಒಂದು ಗದ್ದೆ ಇತ್ತು.

*

ಗದ್ದೆಯ ಮಾತಿಗೆ ಮುಂಚೆ ಮೂವತ್ತು ಲೈಫಿನ ಮಾತು ಹೇಳಬೇಕು. ಕಾಂಟ್ರಾ ಆಡಿದವರಿಗೆಲ್ಲ ಗೊತ್ತಿರುವ ಗುಟ್ಟೊಂದಿದೆ. ಆಟ ಶುರುವಾಗುವ ಮುಂಚೆ ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ ಎಡ ಬಲ, ಆಮೇಲೆ ಎರಡು ಗುಂಡಿ ಒತ್ತಿದರೆ ಮೂರರ ಬದಲು ಮೂವತ್ತು ಲೈಫು ಸಿಗುತ್ತವೆ. ಕೊನಾಮಿಯ ಕಜುಹಿಸಾ ಹಶಿಮೊಟೊ ಎಂಬಾತ ಗ್ರಾಡಿಯಸ್ ಎಂಬ ಇನ್ನೊಂದು ಆಟವನ್ನು ಮನೆಯ ಯಂತ್ರಕ್ಕೆ ಹೊಂದಿಸುವಾಗ, ಅದು ತನಗೇ ಆಡಲಾಗದಷ್ಟು ಕಷ್ಟ ಎನಿಸಿ ಈ ಅಡ್ಡದಾರಿ ಇಟ್ಟನಂತೆ. ನಮಗೆ ಅದನ್ನು ಕಲಿಸಿದವನು ಚಿಕ್ಕಪ್ಪನ ಮಗ. ಮೊದಲ ದಿನ ಹಬ್ಬ. ಎರಡನೆಯ ದಿನ ಅಪ್ಪ ರಿಮೋಟ್ ಕೆಳಗಿಟ್ಟು, "ಇದ್ರಾಗ ಮಜಾ ಇಲ್ಲವ್ವಾ. ಸತ್ತರೂ ಸತ್ತಂಗ ಅನಸಂಗಿಲ್ಲ" ಎಂದ. ನಾವು ಮತ್ತೆ ಮೂರಕ್ಕೇ ಬಂದೆವು. ಮೂವತ್ತರಲ್ಲಿ ಒಂದು ಕೊಟ್ಟರೆ ಕೊಟ್ಟಂತೆ ಅನ್ನಿಸುವುದಿಲ್ಲ, ತೆಗೆದುಕೊಂಡರೆ ತೆಗೆದುಕೊಂಡಂತೆ ಅನ್ನಿಸುವುದಿಲ್ಲ. ಉಳಿದ ಒಂದರಲ್ಲಿ ಕೊಟ್ಟಾಗಲೇ ಅದಕ್ಕೆ ತೂಕ.

ಹೊಸಪೇಟೆಗೂ ಆಗ ಯಾರೋ ಆ ಗುಂಡಿ ಒತ್ತಿದ್ದರು. ಹೊಸ ಲಾಡ್ಜುಗಳು, ಹೊಸ ಕಾರುಗಳು, ಟಿಪ್ಪರ್ ಕೊಳ್ಳಲು ಸಾಲ ಕೊಡುವವರ ಸಾಲು. ಅಪ್ಪನೂ 2007ರಲ್ಲಿ ಸಾಲ ಮಾಡಿ ಸ್ವಂತ ಲಾರಿ ಕೊಂಡ. ಆ ಮೂವತ್ತು ಲೈಫು ಬಂದದ್ದು ಎಲ್ಲಿಂದ ಎಂದು ನಾವು ಕೇಳಿಕೊಳ್ಳಲಿಲ್ಲ. ಅವು ಸಂಡೂರಿನ ಗುಡ್ಡದವು, ಅದರ ಕಾಡಿನವು, ತೊರೆಗಳವು. ಗುಂಡಿ ಒತ್ತಿದವರು ಗುಡ್ಡವನ್ನು ಕೇಳಿರಲಿಲ್ಲ. 2011ರ ಜುಲೈನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರ ಗಣಿ ವರದಿ ಸರ್ಕಾರಕ್ಕೆ ಸಲ್ಲಿಕೆಯಾಯಿತು. ಅದೇ ತಿಂಗಳ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಲು ಹೇಳಿತು. ಆ ಆದೇಶ ಸರಿಯಾಗಿತ್ತು ಎಂದು ಇವತ್ತೂ ನಂಬುತ್ತೇನೆ. ಆ ಆದೇಶದಿಂದ ನಿಂತ ಸಾವಿರಾರು ಲಾರಿಗಳಲ್ಲಿ ಒಂದು ನಮ್ಮದು ಎಂಬುದೂ ಅಷ್ಟೇ ನಿಜ. ಕಂತು ಕಟ್ಟಲಾಗದೆ ಮುಂದಿನ ವರ್ಷ ಲಾರಿ ಸಾಲ ಕೊಟ್ಟವರ ಪಾಲಾಯಿತು.

ಅಪ್ಪ ಆಗ ಮನೆಯಲ್ಲೇ ಇದ್ದ. ಏಳು ವರ್ಷ ನಾನು ಬಯಸಿದ್ದು ಅದನ್ನೇ. ಆದರೆ ಆಟ ಆಡಲಿಲ್ಲ. ಒಂದು ದಿನ ಟಿವಿ ಗೇಮ್ ತೆಗೆದು ಧೂಳು ಒರೆಸಿ ಕರೆದೆ. "ಕೆಲಸ ಇಲ್ದೋನು ಆಟ ಆಡಬಾರದು" ಎಂದ. ಅಮೆರಿಕದಲ್ಲಿ ಹುಟ್ಟಿ ಕೆನಡಾದಲ್ಲಿ ಪಾಠ ಹೇಳಿದ ಬರ್ನಾರ್ಡ್ ಸೂಟ್ಸ್ ಎಂಬ ತತ್ತ್ವಶಾಸ್ತ್ರಜ್ಞ 1978ರಲ್ಲಿ 'ದಿ ಗ್ರಾಸ್‌ಹಾಪರ್' ಎಂಬ ಪುಸ್ತಕ ಬರೆದ. ಇರುವೆ ಮತ್ತು ಮಿಡತೆಯ ಹಳೆಯ ಕತೆಯಲ್ಲಿ ಸೋತ ಮಿಡತೆಯನ್ನೇ ಅವನು ನಾಯಕನನ್ನಾಗಿ ಮಾಡುತ್ತಾನೆ. ಅಗತ್ಯವಿಲ್ಲದ ಅಡ್ಡಿಗಳನ್ನು ನಾವಾಗಿಯೇ ಒಪ್ಪಿಕೊಂಡು ದಾಟಲು ನೋಡುವುದೇ ಆಟ ಎಂಬುದು ಅವನ ವಾದ. ನೇರ ದಾರಿ ಇದ್ದರೂ ಸುತ್ತುದಾರಿ ಹಿಡಿಯುವುದು. ಅಪ್ಪನ ಮಾತು ಅದಕ್ಕೆ ಇನ್ನೊಂದು ಸಾಲು ಸೇರಿಸುತ್ತದೆ ಅನ್ನಿಸುತ್ತದೆ. ಬೇಡದೆ ಬಂದ ಅಡ್ಡಿಗಳು ಬಾಗಿಲಲ್ಲಿ ನಿಂತಿರುವಾಗ, ಬೇಕೆಂದು ಅಡ್ಡಿ ಹುಡುಕಿಕೊಳ್ಳಲು ಮನಸ್ಸು ಬರುವುದಿಲ್ಲ. ಇರುವೆಯ ಬಾಳು ಬಾಳಿದವನಿಗೆ ಕೆಲಸ ಹೋದ ಮೇಲೆ ಮಿಡತೆಯಾಗಲು ನಾಚಿಕೆ.

2013ರಲ್ಲಿ ನಾನು ಬೆಂಗಳೂರಿಗೆ ಇಂಜಿನಿಯರಿಂಗ್ ಓದಲು ಹೋದೆ. ಫೀಸು ಪ್ರತಿ ವರ್ಷ ಸರಿಯಾದ ಹೊತ್ತಿಗೆ ಬಂತು. ಎಲ್ಲಿಂದ ಎಂದು ಕೇಳಲಿಲ್ಲ. ಅಪ್ಪ ಬಾಡಿಗೆ ಕಾರು ಓಡಿಸಲು ಶುರುಮಾಡಿದ್ದು ಗೊತ್ತಿತ್ತು, ಅಲ್ಲಿಂದಲೇ ಇರಬೇಕು ಎಂದುಕೊಂಡೆ. ಕಂಪ್ಲಿ ಹತ್ತಿರದ ಹಳ್ಳಿಯಲ್ಲಿ ಅಜ್ಜನಿಂದ ಬಂದಿದ್ದ ಒಂದೂವರೆ ಎಕರೆ ಭತ್ತದ ಗದ್ದೆ ನನ್ನ ಮೊದಲ ಸೆಮಿಸ್ಟರ್‌ಗೇ ಮಾರಾಟವಾಗಿತ್ತು ಎಂದು ಅಮ್ಮ ಹೇಳಿದ್ದು 2023ರಲ್ಲಿ, ಹತ್ತು ವರ್ಷದ ಮೇಲೆ. ಆ ಗದ್ದೆಯ ಬದುವಿನ ಮೇಲೆ ನಾನು ನಡೆದಿದ್ದೇನೆ. ಕಾಲುವೆ ನೀರಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದೇನೆ. ಅಪ್ಪನ ಕೊನೆಯ ಲೈಫು ಅದು. ನಾನು ಗುಂಡಿ ಒತ್ತಿದ್ದೆ, ಒತ್ತಿದೆ ಎಂದೂ ನನಗೆ ತಿಳಿದಿರಲಿಲ್ಲ.

*

ಕಂಪ್ಲಿಯ ಹೆಸರು ಬಂದರೆ ಕುಮಾರರಾಮನ ಹೆಸರು ಬರಲೇಬೇಕು. ಕಂಪಿಲರಾಯನ ಮಗ. ಗೆಳೆಯರೊಡನೆ ಚೆಂಡಾಡುತ್ತಿದ್ದಾಗ ಚೆಂಡು ಹೋಗಿ ಮಲತಾಯಿ ರತ್ನಾಜಿಯ ಅರಮನೆಯಲ್ಲಿ ಬೀಳುತ್ತದೆ. ತರಲು ಹೋದವನನ್ನು ಅವಳು ಬಯಸುತ್ತಾಳೆ. ಅವನು ಒಪ್ಪದಿದ್ದಾಗ ರಾಜನ ಬಳಿ ಹೋಗಿ ಅವನ ಮೇಲೆಯೇ ದೂರು ಹೇಳುತ್ತಾಳೆ. ತಂದೆ ಮಗನ ತಲೆ ಕಡಿಯಲು ಅಪ್ಪಣೆ ಮಾಡುತ್ತಾನೆ. ಮಂತ್ರಿ ಬೈಚಪ್ಪ ಬೇರೆ ತಲೆ ತೋರಿಸಿ ಮಗನನ್ನು ನೆಲಮಾಳಿಗೆಯಲ್ಲಿ ಉಳಿಸಿದ ಎಂದು ನಂಜುಂಡ ಕವಿಯ ಕಾವ್ಯವೂ ಹೇಳುತ್ತದೆ, ನನ್ನ ಅಜ್ಜಿಯೂ ಹೇಳುತ್ತಿದ್ದಳು. ಮುಂದೆ ದೆಹಲಿಯ ದಂಡು ಬಂದಾಗ ಅದೇ ತಂದೆ ಆ ಮಗನಿಗಾಗಿ ಹಲುಬುತ್ತಾನೆ. 1327ರ ಸುಮಾರಿಗೆ ತುಘಲಕನ ಸೈನ್ಯದ ಮುಂದೆ ಕಂಪಿಲಿ ಬಿದ್ದುಹೋಯಿತು ಎಂಬುದು ಚರಿತ್ರೆ.

ಅಜ್ಜಿ ಈ ಕತೆಯನ್ನು ರಾಮನ ಶೀಲದ ಕತೆಯಾಗಿ ಹೇಳುತ್ತಿದ್ದಳು. ನನಗೆ ಈಗ ಕಂಪಿಲರಾಯನೇ ಕಾಡುತ್ತಾನೆ. ಮಗ ಯುದ್ಧ ಗೆದ್ದಾಗ ಹಿಗ್ಗಿದ, ದೂರು ಬಂದಾಗ ಕೊಲ್ಲಲು ಹೇಳಿದ. ನಡುವೆ ಒಂದು ಸಲವೂ ಕರೆದು ಕೇಳಲಿಲ್ಲ. ಮಗನ ಪರಾಕ್ರಮ ಅವನಿಗೆ ಗೊತ್ತಿತ್ತು, ಮಗ ಗೊತ್ತಿರಲಿಲ್ಲ. ಮಗ ಚೆಂಡಾಡುವಾಗ ಎದುರು ನಿಂತು ಆಡಿದ್ದರೆ ಗೊತ್ತಾಗುತ್ತಿತ್ತೇನೋ. ಜೊತೆಗೆ ಆಡಿದವರ ಬಗ್ಗೆ ನಮಗೆ ಒಂದು ಬಗೆಯ ತಿಳಿವಳಿಕೆ ಹುಟ್ಟುತ್ತದೆ. ಇವರು ಅವಸರ ಬಿದ್ದಾಗ ಏನು ಮಾಡುತ್ತಾರೆ, ಸೋಲುವಾಗ ಯಾರ ಮೇಲೆ ತಪ್ಪು ಹಾಕುತ್ತಾರೆ, ಒಂದೇ ಉಳಿದಾಗ ಯಾರಿಗೆ ಬಿಡುತ್ತಾರೆ. ಅಪ್ಪ ಒಳ್ಳೆಯ ಬಂದೂಕಿನ ಅಕ್ಷರ ಹಾರಿ ಬಂದಾಗ ಪ್ರತಿ ಸಲ ಪಕ್ಕಕ್ಕೆ ಸರಿದು "ನೀ ತಗಾ" ಎನ್ನುತ್ತಿದ್ದ. ಲೈಫು ನನ್ನಿಂದ ಕಿತ್ತುಕೊಳ್ಳುತ್ತಿದ್ದ, ಬಂದೂಕು ಎಂದೂ ತೆಗೆದುಕೊಳ್ಳುತ್ತಿರಲಿಲ್ಲ. ಇದು ಅಪ್ಪನ ಇಡೀ ಸ್ವಭಾವ ಎಂದು ಗದ್ದೆಯ ವಿಷಯ ತಿಳಿದ ದಿನ ನನಗೆ ಹೊಳೆಯಿತು.

*

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಚೈನು ತುಂಡಾಗಿ ಕೊಚ್ಚಿಹೋಯಿತು. ಆ ವಾರ ನಾನು ಊರಿಗೆ ಹೋದೆ. ಊರಿನ ತುಂಬ ಅದೇ ಮಾತು. ನೀರು ಹಂಪಿಯ ಪುರಂದರ ಮಂಟಪವನ್ನು ಮುಳುಗಿಸಿದರೆ ಬಾಡಿಗೆ ಸಿಗುವುದಿಲ್ಲ ಎಂಬ ಚಿಂತೆ ಡ್ರೈವರುಗಳಿಗೆ, ಎರಡನೆಯ ಬೆಳೆಗೆ ನೀರು ಉಳಿಯುತ್ತದೋ ಇಲ್ಲವೋ ಎಂಬ ಚಿಂತೆ ಕಂಪ್ಲಿ ಕಡೆಯವರಿಗೆ. ನಿವೃತ್ತ ತಜ್ಞ ಕನ್ನಯ್ಯ ನಾಯ್ಡು ಅವರು ಹರಿಯುವ ನೀರಿನಲ್ಲೇ ಸ್ಟಾಪ್ ಲಾಗ್ ಇಳಿಸಿ ವಾರದೊಳಗೆ ನೀರು ನಿಲ್ಲಿಸಿದ್ದನ್ನು ಅಪ್ಪ ತನ್ನ ಮನೆಯವರ ಸಾಧನೆಯಂತೆ ಹೇಳಿದ. "ಆ ವಯಸ್ಸಿನಾಗ ನೋಡು" ಎಂದು ಎರಡು ಸಲ ಅಂದ.

ಆ ಸಂಜೆ ನಾನು ಲ್ಯಾಪ್‌ಟಾಪ್ ಅನ್ನು ಟಿವಿಗೆ ಜೋಡಿಸಿ ಕಾಂಟ್ರಾ ಹಾಕಿದೆ, ಎರಡು ರಿಮೋಟ್ ತಂದಿದ್ದೆ. ಅಪ್ಪ ಬೇಡ ಅನ್ನಲಿಲ್ಲ, ಈಗ ಅವನಿಗೆ ಕೆಲಸವಿತ್ತಲ್ಲ. ಚಾಪೆಯ ಮೇಲೆ ಕೂರಲು ಮಂಡಿ ಬಿಡಲಿಲ್ಲ, ಕುರ್ಚಿ ಎಳೆದುಕೊಂಡ. ಗುಂಡುಗಳು ಅವನಿಗೆ ಕಾಣುತ್ತಿರಲಿಲ್ಲ. ಪರದೆಗೆ ಮುಖ ಹತ್ತಿರ ತಂದು ಆಡಿದ. ಒಂದು ನಿಮಿಷದಲ್ಲಿ ಮೂರು ಲೈಫು ಹೋದವು. ಗುಂಡಿ ಒತ್ತಿ ನನ್ನದೊಂದು ತೆಗೆದುಕೊಂಡ. ಇಪ್ಪತ್ತು ವರ್ಷದ ಹಿಂದಿನ ಅದೇ ನಗು.

"ಕೇಳ್ದೇನ ತಗೊಂಡಿ ನೋಡಪ್ಪಾ" ಎಂದೆ.

"ಆಟದಾಗ ಏನ್ ಕೇಳೋದು."

"ಮತ್ತೆ ಕಣ್ಣಿನ ದುಡ್ಡು?"

ಅಪ್ಪ ಪರದೆಯಿಂದ ಮುಖ ತಿರುಗಿಸಲಿಲ್ಲ. "ಅದು ಆಟ ಅಲ್ಲವ್ವಾ" ಎಂದ.

ಮೂರನೆಯ ಹಂತಕ್ಕೆ ಬಂದೆವು. ಅದು ಜಲಪಾತ. ಬಂಡೆಯಿಂದ ಬಂಡೆಗೆ ಹಾರುತ್ತ ಮೇಲೆ ಹತ್ತಬೇಕು. ಅಲ್ಲಿನ ನಿಯಮ ಬೇರೆ. ಪರದೆ ಮೇಲಕ್ಕೆ ಸರಿಯುತ್ತದೆ, ಮತ್ತೆ ಕೆಳಗೆ ಇಳಿಯುವುದಿಲ್ಲ. ಒಬ್ಬರು ಬೇಗ ಬೇಗ ಹತ್ತಿದರೆ ಹಿಂದೆ ಉಳಿದವರು ಪರದೆಯ ಕೆಳಗಂಚಿಗೆ ಸಿಕ್ಕಿ ಸಾಯುತ್ತಾರೆ. ಶತ್ರುವಿನ ಗುಂಡು ತಾಗಬೇಕಿಲ್ಲ, ಜೊತೆಗಾರರ ಅವಸರ ಸಾಕು. ಚಿಕ್ಕವಳಿದ್ದಾಗ ನಾನು ಅಪ್ಪನನ್ನು ಅತಿ ಹೆಚ್ಚು ಸಲ ಕೊಂದದ್ದು ಅಲ್ಲೇ. ಆ ಸಂಜೆ ನಾನು ಒಂದು ಬಂಡೆಯ ಮೇಲೆ ನಿಂತು, ಅವನು ತಪ್ಪಿ ತಪ್ಪಿ ಹಾರುವುದನ್ನು ನೋಡುತ್ತ, ಮೇಲಿನಿಂದ ಬೀಳುವ ಬಂಡೆಗಳಿಂದ ತಪ್ಪಿಸಿಕೊಳ್ಳುತ್ತ ಕಾದೆ.

ನನ್ನ ತಪ್ಪು ಅಲ್ಲಿ ನಿಂತಾಗ ಸ್ವಲ್ಪ ಕಂಡಿತು. ಋಣ ಎಂಬ ಮಾತಿಗೆ ಎರಡು ಬೇರೆ ಬೇರೆ ಲೆಕ್ಕದ ಪುಸ್ತಕಗಳು ಬೇಕು, ಅವನದೊಂದು, ನನ್ನದೊಂದು. ಆಟದಲ್ಲಿ ಇಬ್ಬರದೂ ಒಂದೇ ಪರದೆ. ಲೈಫು ಯಾರದಾದರೂ ಹಂತ ದಾಟಬೇಕಾದ್ದು ಇಬ್ಬರೂ. ಅದಕ್ಕೇ ಅಪ್ಪನಿಗೆ ಅಲ್ಲಿ ಸಂಕೋಚವಿಲ್ಲ. ಗದ್ದೆ ಮಾರಿದಾಗ ಅವನ ಮನಸ್ಸಿನಲ್ಲಿ ನಮ್ಮದು ಒಂದೇ ಪರದೆಯಾಗಿತ್ತು. ನಾನು ಕಳಿಸಿದ 40,000ದಲ್ಲಿ ಪರದೆ ಎರಡಾಗಿತ್ತು, ನನ್ನ ಕಡೆಯದು ಚುಕ್ತಾ ಮಾಡುವ ಅವಸರವಿತ್ತು. ಹಾಗಾದರೆ ಮಕ್ಕಳ ಹೊಣೆ ತೀರಿಸುವುದಲ್ಲ, ಪರದೆ ಒಡೆಯದಂತೆ ಮೇಲೆ ನಿಂತು ಕಾಯುವುದು ಎನ್ನೋಣವೇ?

ಹೀಗೆ ಹೇಳಿ ಮುಗಿಸಿದರೆ ಲೇಖನ ಚೆನ್ನಾಗಿ ಕಾಣುತ್ತದೆ, ಅಪ್ಪನ ಕಣ್ಣು ಕಾಣುವುದಿಲ್ಲ. ಕಾಯುವುದಕ್ಕೆ ಖರ್ಚಿಲ್ಲ. ಒಂದೂವರೆ ಎಕರೆ ಗದ್ದೆ ತಿಂದವಳು 'ನಾನು ನಿಮ್ಮ ಜೊತೆಗಿದ್ದೇನೆ' ಎಂದಷ್ಟೇ ಹೇಳಿದರೆ ಅದು ಬೇರೊಂದು ಬಗೆಯ ಮೋಸ. ಪ್ರೀತಿಯ ಹೆಸರಿನಲ್ಲಿ ಲೆಕ್ಕ ಅಳಿಸುವುದು ಯಾವಾಗಲೂ ತೆಗೆದುಕೊಂಡವರಿಗೇ ಅನುಕೂಲ. ಗುಡ್ಡದ ವಿಷಯದಲ್ಲಿ ನಮ್ಮ ಊರು ಮಾಡಿದ್ದು ಅದೇ, ಭೂಮಿತಾಯಿ ಎಂದು ಕೈಮುಗಿದು ಅಗೆದದ್ದು.

*

ದಾರಿ ತೋರಿಸಿದವನು ಅಪ್ಪನೇ. ನಾನು ಬೆಂಗಳೂರಿಗೆ ಹೊರಡುವ ದಿನ ಹಂಪಿಗೆ ಬಾಡಿಗೆ ಇತ್ತು. ನನ್ನನ್ನೂ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋದ. ಪ್ರವಾಸಿಗರು ಗುಡಿ ನೋಡಲು ಹೋದಾಗ ನಾವು ಒಂದು ಮಂಟಪದಲ್ಲಿ ಕೂತೆವು. ಹಂಪಿಯ ಎಷ್ಟೋ ಮಂಟಪಗಳ ನೆಲಹಾಸಿನಲ್ಲಿ ಹಳೆಯ ಆಟದ ಮನೆಗಳನ್ನು ಕೊರೆದಿದ್ದಾರೆ. ಹುಲಿ ಕುರಿ, ಚೌಕಾಬಾರ, ಅಳಗುಳಿಯ ಕುಳಿಗಳು. ಕಾವಲು ಕೂತವರೋ ಯಾತ್ರಿಕರೋ ಕಾಯುತ್ತ ಕಾಯುತ್ತ ಕೊರೆದಿರಬೇಕು. ಅಪ್ಪ ಕಾಲಬೆರಳಿನಿಂದ ಒಂದು ಚೌಕದ ಗೆರೆಯನ್ನು ಸವರುತ್ತ, ನನ್ನ ಕಡೆ ನೋಡದೆ ಕೇಳಿದ:

"ಆ ನಲವತ್ತು ಸಾವಿರ, ಸಾಲ ಅಂತ ಕೊಡ್ತೀಯೇನು?"

"ನಿನಗ್ಯಾಕಪ್ಪಾ ಸಾಲ?"

"ಸಾಲ ಆದ್ರ ತಗೊಂತೀನಿ. ತಿಂಗಳಾ ಎರಡು ಸಾವಿರ. ಇಪ್ಪತ್ತು ಕಂತು. ನೀ ಬ್ಯಾಡ ಅನ್ನಬಾರದು, ಮಾತು ಕೊಡಬೇಕು."

ನನಗೆ ನಗು ಬಂತು, ಅಳುವೂ ಬಂತು. ಋಣ ತೀರಿಸಲು ಹೋದವಳು ಸಾಲ ಕೊಟ್ಟವಳಾಗಿ ಬಂದೆ. ಒಪ್ಪಿಕೊಳ್ಳುವುದು ಸರಿಯೇ ಎಂದು ಬಸ್ಸಿನಲ್ಲಿ ರಾತ್ರಿಯಿಡೀ ಯೋಚಿಸಿದೆ. ಗದ್ದೆ ಮಾರಿ ಓದಿಸಿದವನ ಕೈಯಿಂದ ಕಂತು ವಸೂಲಿ ಮಾಡುವುದು ಯಾವ ನೀತಿ? ಆದರೆ ಸೂಟ್ಸ್ ಹೇಳಿದ್ದು ನೆನಪಾಯಿತು. ಅಗತ್ಯವಿಲ್ಲದ ಅಡ್ಡಿಯನ್ನು ತಾನಾಗಿಯೇ ಒಪ್ಪಿಕೊಳ್ಳುವುದು ಆಟ. ಅಪ್ಪ ಒಂದು ಆಟ ಹೂಡಿದ್ದ. ಅದರ ನಿಯಮ ಅವನದು, ಅದರಲ್ಲಿ ಅವನು ತೆಗೆದುಕೊಳ್ಳಬಹುದು, ತಲೆ ತಗ್ಗಿಸಬೇಕಿಲ್ಲ. ನಾನು 'ಕಂತು ಬೇಡ' ಎಂದರೆ ಅದು ಔದಾರ್ಯವಾಗುತ್ತಿರಲಿಲ್ಲ, ಮೂವತ್ತು ಲೈಫಿನ ಗುಂಡಿ ಒತ್ತಿದಂತಾಗುತ್ತಿತ್ತು. ಆಟದ ತೂಕವೇ ಹೋಗುತ್ತಿತ್ತು. ಹೆತ್ತವರಿಗೆ ಕೊಡುವುದನ್ನು ನಾವೆಲ್ಲ ಕಲಿಯುತ್ತೇವೆ. ಅವರು ಸೋಲದ ಹಾಗೆ ಕೊಡುವುದನ್ನು ಕಲಿಯಬೇಕಾದರೆ ಅವರ ನಿಯಮಕ್ಕೆ ನಾವು ಒಳಪಡಬೇಕು, ಕೆಲವೊಮ್ಮೆ ಅದು ನಮಗೆ ಮುಜುಗರವಾದರೂ.

ಗದ್ದೆಯ ಋಣ ಹಾಗೇ ಇದೆ. ಅದರ ಮಾತು ನಾವಿಬ್ಬರೂ ಇನ್ನೂ ಆಡಿಲ್ಲ. ನನಗೆ ಗೊತ್ತಿದೆ ಎಂದು ಅವನಿಗೆ ಗೊತ್ತಿದೆಯೋ ಏನೋ.

ಅಕ್ಟೋಬರಿನಲ್ಲಿ ಒಂದು ಕಣ್ಣು, ಡಿಸೆಂಬರಿನಲ್ಲಿ ಇನ್ನೊಂದು ಆಯಿತು. ಈಗ ಪ್ರತಿ ತಿಂಗಳ ಐದನೇ ತಾರೀಕು ನನ್ನ ಫೋನಿಗೆ 2,000 ರೂಪಾಯಿ ಬರುತ್ತದೆ. ನಾನು 'ಬಂತು' ಎಂದಷ್ಟೇ ಬರೆಯುತ್ತೇನೆ. ಹನ್ನೊಂದು ಕಂತು ಆಗಿವೆ, ಒಂಬತ್ತು ಉಳಿದಿವೆ. ಮಳೆಗಾಲದಲ್ಲಿ ಬಾಡಿಗೆ ಕಡಿಮೆ, ಕಳೆದ ತಿಂಗಳದ್ದು ಎಂಟನೇ ತಾರೀಕಿಗೆ ಬಂದಿತ್ತು. ಇವತ್ತು ಏಳು. ಫೋನ್ ಮಾಡಿ ಕೇಳಿಲ್ಲ. ಕಾಯುತ್ತಿದ್ದೇನೆ.